ಸಿಂಗಾರ ಕಾಣದ ಕೋಣೆ

ಬರುವ ತಿಂಗಳ ಎರಡನೇ ಶನಿವಾರ ಮನೆ ನೋಡಲು ಬರುತ್ತೇನೆ ಎಂದು ಫೋನಿನಲ್ಲಿ ತೆಲುಗಿನಲ್ಲಿ ಹೇಳಿದ ಹೆಂಗಸಿನ ದನಿ ಬಹಳ ಮೆತ್ತಗಿತ್ತು. ಏನೂ ತಯಾರಿ ಮಾಡಿಕೊಳ್ಳಬೇಡಿ, ಮನೆ ಹೇಗಿದೆಯೋ ಹಾಗೇ ಇರಲಿ ಎಂದೂ ಸೇರಿಸಿದರು. ಹೀಗೆ ಹೇಳಿಸಿಕೊಂಡ ಮೇಲೆ ಮನೆಯನ್ನು ಹಾಗೇ ಇರಲು ಬಿಟ್ಟ ಗೃಹಿಣಿ ಈ ಭೂಮಿಯ ಮೇಲೆ ಇದ್ದಾಳೆಂದರೆ ನಂಬುವುದು ಕಷ್ಟ. ಮೃಣಾಲಿನಿ ಫೋನು ಕೆಳಗಿಟ್ಟವಳೇ ಹಜಾರದ ನಡುವೆ ನಿಂತು ಸುತ್ತ ನೋಡಿದಳು. ನೋಡಿದಷ್ಟೂ ಅವಳ ಧೈರ್ಯ ಕುಸಿಯಿತು.

ಮನೆ ಕೆಟ್ಟದ್ದೇನಲ್ಲ. ವಿಶಾಖಪಟ್ಟಣದ ದುವ್ವಾಡ ಸ್ಟೇಷನ್ನಿನಿಂದ ಆಟೋದಲ್ಲಿ ತುಸು ದೂರ, ಮೊದಲ ಮಹಡಿ, ಗಾಳಿ ಬೆಳಕಿಗೆ ಬರವಿಲ್ಲ. ಆದರೆ ಆ ಗಾಳಿಯೇ ಸಮುದ್ರದಿಂದ ಉಪ್ಪು ಹೊತ್ತು ತಂದು ಗೋಡೆಯ ಬಣ್ಣವನ್ನು ಹಪ್ಪಳದ ಹಾಗೆ ಎಬ್ಬಿಸಿತ್ತು. ಒಂದು ಮೂಲೆಯಲ್ಲಿ ನೀರಿಳಿದ ದೊಡ್ಡ ಕಲೆ. ಕೂರಲು ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಬೋಳು ದಿವಾನ ಮಂಚ. ಪರದೆಗಳು ವಿಜಯವಾಡದ ಮನೆಯ ಕಿಟಕಿಯ ಅಳತೆಯವು. ಇಲ್ಲಿಯ ಕಿಟಕಿಗೆ ಅರ್ಧಕ್ಕೇ ನಿಂತು, ಗಿಡ್ಡ ಲಂಗ ತೊಟ್ಟ ಹುಡುಗಿಯರ ಹಾಗೆ ಕಾಣುತ್ತಿದ್ದವು.

ಅವಳ ಗಂಡ ಭೀಮಸೇನ ಬ್ಯಾಂಕಿನಲ್ಲಿ ಅಧಿಕಾರಿ. ಗದಗಿನಿಂದ ಹೊರಟವನು ವರ್ಗವಾಗಿ ವಿಜಯವಾಡಕ್ಕೆ ಬಂದು ಕೆಲವು ವರ್ಷ ಇದ್ದು, ಹೋದ ವರ್ಷ ವಿಶಾಖಪಟ್ಟಣಕ್ಕೆ ಬಂದಿದ್ದ. ವರ್ಗದ ನೌಕರಿಯವರು ಮನೆಯನ್ನು ಹಚ್ಚಿಕೊಳ್ಳುವುದಿಲ್ಲ. ನಾಳೆ ಬಿಟ್ಟು ಹೋಗುವ ಗೋಡೆಯನ್ನು ಇವತ್ತು ಯಾಕೆ ಚಂದ ಮಾಡಬೇಕು ಎಂದು ಅನ್ನುತ್ತ ಅನ್ನುತ್ತಲೇ ಎಷ್ಟೋ ವರ್ಷ ಬೋಳು ಗೋಡೆಗಳ ನಡುವೆ ಕಳೆದುಬಿಡುತ್ತಾರೆ. ಇವರೂ ಹಾಗೆಯೇ ಕಳೆದಿದ್ದರು.

ಈಗ ಹಾಗೆ ಕಳೆಯುವಂತಿರಲಿಲ್ಲ. ಬರುವವರು ದತ್ತು ಕೊಡುವ ಸಂಸ್ಥೆಯ ಕಡೆಯವರು. ಮನೆ ನೋಡಿ, ಗಂಡ ಹೆಂಡತಿಯ ಜೊತೆ ಮಾತಾಡಿ, ಈ ಮನೆಗೆ ಮಗುವನ್ನು ಕಳಿಸಬಹುದೋ ಬಾರದೋ ಎಂದು ಬರೆಯುವವರು. ಅವರು ಕಳಿಸಬಹುದು ಎಂದು ಬರೆದರೆ ಸರದಿಯಲ್ಲಿ ನಿಂತು ಕಾಯಬಹುದು, ಬಾರದು ಎಂದರೆ ಅಲ್ಲಿಗೆ ಆಸೆ ಬಿಡಬೇಕು. ಹಸುಗೂಸಿಗೆ ಕಾಯುವುದು ಬೇಡ, ನಾಲ್ಕು ವರ್ಷ ದಾಟಿದ ಮಗು ಬಂದರೆ ಸಾಕು, ನಮ್ಮ ಪುಣ್ಯ ಎಂದು ಇಬ್ಬರೂ ಕೂತು ಯೋಚಿಸಿ ಬರೆದುಕೊಟ್ಟಿದ್ದರು. ಮೃಣಾಲಿನಿಗೆ ನಲವತ್ತು ಹತ್ತಿರವಾಗಿತ್ತು. ಬೇರೆ ದಾರಿಗಳನ್ನೆಲ್ಲ ನಡೆದು ನೋಡಿ ಆಗಿತ್ತು, ಆ ದಾರಿಗಳಲ್ಲೇ ಕೂಡಿಟ್ಟದ್ದೂ ಕರಗಿ ಹೋಗಿತ್ತು.

"ಗ್ವಾಡಿಗೆ ಬಣ್ಣಾ ಹೊಡಸೋಣೇನ್ರೀ?" ಎಂದು ಕೇಳಿದಳು ಸಂಜೆ ಗಂಡ ಬಂದ ಕೂಡಲೆ.

"ಬಾಡಗಿ ಮನಿಗೆ ಬಣ್ಣಾ?" ಭೀಮಸೇನ ಬೂಟು ಬಿಚ್ಚುತ್ತ ನಕ್ಕ. "ದಿನಾ ಮಂದಿಗೆ ಸಾಲಾ ಕೊಡೂ ಮನಶ್ಯಾ ನಾನು. ನಾನ ಕೇಳಾಕ ಹೋದ್ರ ನಮ್ಮ ಮ್ಯಾನೇಜರ್ ಗಾಬರಿ ಆಗ್ತಾನ."

"ಹಂಗಾರ ಖರ್ಚಿಲ್ಲದಂಗ ಮಾಡ್ತೀನಿ. ನೀವು ನಡುವ ಅಡ್ಡ ಬರಬ್ಯಾಡ್ರಿ, ಅಷ್ಟ ಸಾಕು."

"ನಾ ಅಡ್ಡ ಬಂದ್ರೂ ನೀ ಯಾವಾಗ ನಿಂತೀದಿ ಹೇಳು?"

ಅದು ಮೆಚ್ಚುಗೆಯೋ ದೂರೋ ಎಂದು ಮೃಣಾಲಿನಿ ವಿಚಾರಿಸಲು ಹೋಗಲಿಲ್ಲ. ಅವಳ ತಲೆಯಲ್ಲಿ ಆಗಲೇ ದಿವಾನಕ್ಕೆ ಹೊದಿಕೆ ತಯಾರಾಗುತ್ತಿತ್ತು.

ಅವಳ ತವರಿನಲ್ಲಿ ಹಳೆ ಸೀರೆ ಎಂಬುದು ಬಿಸಾಡುವ ವಸ್ತುವೇ ಅಲ್ಲ. ಸೀರೆ ಹರಿದರೆ ಕೌದಿ. ಹಳೆ ಸೀರೆಯನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಅಂಚಿನಿಂದ ಒಳಕ್ಕೆ ಸಣ್ಣ ಹೊಲಿಗೆ ಹಾಕುತ್ತ ಬಂದರೆ ಕೊನೆಗೆ ಎದ್ದು ನಿಲ್ಲುವ ಆ ಚಂದ ಯಾವ ಅಂಗಡಿಯ ಹೊದಿಕೆಗೂ ಬರುವುದಿಲ್ಲ. ಸೀರೆಗಳು ಟ್ರಂಕಿನಲ್ಲಿದ್ದವು. ಮೇಲಿನ ತುಂಡುಗಳಿಗೆ ಮತ್ತು ಪರದೆಗೆ ಬಟ್ಟೆ ಬೇಕಿತ್ತು. ಅದಕ್ಕೆ ಜಾಗ ವಿಜಯವಾಡದ ಒನ್ ಟೌನ್. ಅಲ್ಲಿಯ ಸಗಟು ಅಂಗಡಿಗಳಲ್ಲಿ ಬಟ್ಟೆಯ ಥಾನಿನ ಕೊನೆಯಲ್ಲಿ ಉಳಿದ ತುಂಡುಗಳನ್ನು ರಾಶಿ ಹಾಕಿ ತೂಕಕ್ಕೆ ಮಾರುತ್ತಾರೆ. ಆರಿಸುವ ಕಣ್ಣಿದ್ದವರಿಗೆ ಹಬ್ಬ. ಭೀಮಸೇನನಿಗೆ ಹೇಗೂ ಬ್ಯಾಂಕಿನ ಕೆಲಸದ ಮೇಲೆ ವಿಜಯವಾಡಕ್ಕೆ ಹೋಗುವುದಿತ್ತು. ಅವಳೂ ರೈಲು ಹತ್ತಿದಳು.

ಅಲ್ಲಿ ಉಳಿದುಕೊಂಡದ್ದು ಅನ್ನಪೂರ್ಣಮ್ಮನವರ ಮನೆಯಲ್ಲಿ. ವಿಜಯವಾಡದಲ್ಲಿದ್ದಷ್ಟು ದಿನವೂ ಇವರು ಬಾಡಿಗೆಗೆ ಇದ್ದದ್ದು ಆ ಮನೆಯ ಮಹಡಿಯ ಮೇಲೆ. ಅನ್ನಪೂರ್ಣಮ್ಮನವರು ರಾಯಚೂರಿನವರು. ಮದುವೆಯಾಗಿ ಬಂದ ಮೇಲೆ ಕೃಷ್ಣೆಯ ದಡ ಬಿಟ್ಟು ಅಲುಗಿಲ್ಲ. ಅವರ ಕನ್ನಡದೊಳಗೆ ತೆಲುಗು ಹೇಳದೆ ಕೇಳದೆ ಸೇರಿಕೊಂಡು ಈಗ ಮನೆಯವರ ಹಾಗೆಯೇ ಓಡಾಡುತ್ತದೆ. ಮೃಣಾಲಿನಿ ಅವರನ್ನು ಅಲ್ಲಿಯವರು ಚಿಕ್ಕಮ್ಮನನ್ನು ಕರೆಯುವಂತೆ ಪಿನ್ನಿ ಎಂದು ಕರೆಯುತ್ತಿದ್ದಳು.

"ಇಷ್ಟ್ ರೇಟಾ? ನಲವತ್ತು ವರ್ಷದಿಂದ ನಿಮ್ಮಪ್ಪನ ಹತ್ರ ತಗೋತೀನಿ, ಅವನು ಹಿಂಗ ಮಾತಾಡ್ತಿರಲಿಲ್ಲ ಕದಾ!" ಎಂದು ಅಂಗಡಿಯವನನ್ನು ಅನ್ನಪೂರ್ಣಮ್ಮನವರು ಗದರಿಸಿದರು. ಅಂಗಡಿಯವನಿಗೆ ಅರ್ಧ ಮಾತು ತಿಳಿಯಲಿಲ್ಲ, ಆದರೆ ದನಿ ತಿಳಿಯಿತು. ತಕ್ಕಡಿಗೆ ಇನ್ನೊಂದು ಹಿಡಿ ತುಂಡು ಸೇರಿಸಿದ.

ಮೃಣಾಲಿನಿ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಮಂಗಳಗಿರಿ ಹತ್ತಿ ಬಟ್ಟೆಯ ಉದ್ದನೆ ತುಂಡುಗಳು ಸಿಕ್ಕವು, ಪರದೆಗೆ ಹೇಳಿ ಮಾಡಿಸಿದಂಥವು. ಕೌದಿಗೆ ಕುಂಕುಮದ ಬಣ್ಣ, ಸಾಸಿವೆ ಹೂವಿನ ಹಳದಿ, ಗಾಢ ಹಸಿರು. ಅಷ್ಟರಲ್ಲಿ ಅನ್ನಪೂರ್ಣಮ್ಮನವರು ಬಗ್ಗಿ ರಾಶಿಯೊಳಗಿಂದ ಪುಟ್ಟ ಪುಟ್ಟ ಗಿಳಿಗಳಿದ್ದ ಒಂದು ತುಂಡನ್ನು ಎಳೆದರು.

"ಇದು ನೋಡಮ್ಮಾ, ಮಗೂಗೆ ಎಷ್ಟು ಚಂದ, ಎಷ್ಟು ಬಾಗುಂಟುಂದಿ..." ಎಂದವರು ಮಾತು ಅಲ್ಲಿಗೇ ನಿಲ್ಲಿಸಿದರು.

"ಬ್ಯಾಡ್ರಿ ಪಿನ್ನಿ," ಎಂದಳು ಮೃಣಾಲಿನಿ, ತಲೆ ಎತ್ತದೆ. "ಈಗ ಬ್ಯಾಡ."

ಮುದುಕಿ ತುಂಡನ್ನು ರಾಶಿಗೆ ಹಾಕಿ, ಅದರ ಮೇಲೆ ಬೇರೆ ನಾಲ್ಕು ತುಂಡು ಎಳೆದು ಮುಚ್ಚಿದರು. ಯಾಕೆ ಬೇಡ ಎಂದು ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ.

ವಿಜಯವಾಡಕ್ಕೆ ಬಂದ ಹೊಸದರಲ್ಲಿ ಮೃಣಾಲಿನಿ ಬಸುರಿಯಾಗಿದ್ದಳು. ಐದು ತಿಂಗಳು ತುಂಬಿದ್ದೇ ತಡ, ಸಂತೋಷ ಹಿಡಿಸಲಾರದೆ ಇದೇ ಒನ್ ಟೌನಿನಿಂದ ಮರದ ತೊಟ್ಟಿಲೊಂದನ್ನು ಆಟೋದಲ್ಲಿ ಹಾಕಿಸಿಕೊಂಡು ಬಂದಿದ್ದಳು. ಅದನ್ನು ಮೆಟ್ಟಿಲು ಹತ್ತಿಸುವುದನ್ನು ನೋಡಿದ ಅನ್ನಪೂರ್ಣಮ್ಮನವರ ಬಾಯಿಂದ ಮಾತು ಜಾರಿತು: ಹುಟ್ಟುವುದಕ್ಕಿಂತ ಮೊದಲೇ ತೊಟ್ಟಿಲು ತರಬಾರದಮ್ಮಾ, ದೃಷ್ಟಿಯಾಗುತ್ತದೆ. ಗದಗಿನಲ್ಲೂ ಹಿರಿಯರು ಹೇಳುವ ಮಾತೇ ಅದು. ತೊಟ್ಟಿಲಾಗಲಿ, ಅಂಗಿಯಾಗಲಿ, ಆಟಿಕೆಯಾಗಲಿ, ಹುಟ್ಟುವ ಮೊದಲು ಮನೆಯೊಳಗೆ ತರುವುದಿಲ್ಲ. ಮೃಣಾಲಿನಿ ಅಂದು ನಕ್ಕು ಸುಮ್ಮನಾಗಿದ್ದಳು. ಏಳನೇ ತಿಂಗಳಲ್ಲಿ ಆಸ್ಪತ್ರೆಯಿಂದ ಬರಿಗೈಯಲ್ಲಿ ಮನೆಗೆ ಬಂದಾಗ ತೊಟ್ಟಿಲು ಹಜಾರದಲ್ಲೇ ಇತ್ತು.

ಡಾಕ್ಟರು ಕಾರಣ ಬಿಡಿಸಿ ಹೇಳಿದ್ದರು. ಅವಳ ಕಿವಿಗೆ ಅದು ಹೋಗಲೇ ಇಲ್ಲ. ತಾನೇ ಕೈಯಾರೆ ತಂದು ನಡುಮನೆಯಲ್ಲಿ ಇಟ್ಟ ಕಾರಣ ಕಣ್ಣೆದುರಿಗಿರುವಾಗ ಡಾಕ್ಟರ ಕಾರಣ ಯಾಕೆ ಬೇಕು? ಅನ್ನಪೂರ್ಣಮ್ಮನವರು ಒಂದು ಮಧ್ಯಾಹ್ನ ಯಾರಿಗೂ ಹೇಳದೆ ತೊಟ್ಟಿಲನ್ನು ಎಲ್ಲಿಗೋ ಕೊಟ್ಟು ಬಂದರು. ಆಮೇಲೆ ಒಬ್ಬರಿಗೊಬ್ಬರು ಆ ವಿಷಯ ಎತ್ತಲಿಲ್ಲ. ಆದರೆ ಆ ಮಾತನ್ನು ಆಡಿದ ತಪ್ಪಿಗೆ ಮುದುಕಿ ತನ್ನ ನಾಲಿಗೆಯನ್ನು ಈಗಲೂ ಶಪಿಸಿಕೊಳ್ಳುತ್ತಾರೆಂದು ಮೃಣಾಲಿನಿಗೆ ಗೊತ್ತಿತ್ತು. ಅದು ನಿಮ್ಮ ತಪ್ಪಲ್ಲ ಎಂದು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದಳು. ನಿಮ್ಮದಲ್ಲ ಎಂದರೆ ತನ್ನದು ಎಂದಂತಾಗುತ್ತದಲ್ಲ ಎಂದು ಮುಚ್ಚಿದ್ದಳು.

ಮೂಟೆಯೊಂದಿಗೆ ವಿಶಾಖಪಟ್ಟಣಕ್ಕೆ ಮರಳಿದ ಮೇಲೆ ಅವಳು ಸೆರಗು ಸಿಕ್ಕಿಸಿ ನಿಂತಳು. ಹಳೆ ಹೊಲಿಗೆ ಯಂತ್ರ ಹಗಲೆಲ್ಲ ಕಟಕಟ ಅಂದಿತು. ಕಿಟಕಿಗಳಿಗೆ ನೆಲ ಮುಟ್ಟುವ ಪರದೆ ಬಂದವು. ಅಂಚಿಗೆ ಹಳೆ ಇಳಕಲ್ ಸೀರೆಯ ದಡಿ ಹಚ್ಚಿದ್ದರಿಂದ ಬಡ ಹತ್ತಿ ಬಟ್ಟೆಗೂ ಒಂದು ಗತ್ತು ಬಂತು. ದಿವಾನದ ಮೇಲೆ ಕೌದಿ ಹಾಸಿದಾಗ ಇಡೀ ಹಜಾರಕ್ಕೆ ದೀಪ ಹಚ್ಚಿದಂತಾಯಿತು. ಗೋಡೆಯ ಕಲೆಯ ಮೇಲೆ ಮೂರು ಬಿದಿರಿನ ಮೊರ. ಸಂತೆಯಲ್ಲಿ ಕೊಂಡು, ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ನೀರಿನಲ್ಲಿ ಮೇಲೆ ರಂಗೋಲಿ ಎಳೆದವು. ಮೊಳೆ ಹೊಡೆಯಬಾರದೆಂದು ಮನೆ ಮಾಲೀಕರ ಆಜ್ಞೆ ಇದ್ದದ್ದರಿಂದ ಅವನ್ನು ಮೇಲಿನ ಅಟ್ಟದ ಅಂಚಿನಿಂದ ದಾರ ಕಟ್ಟಿ ಇಳಿಬಿಟ್ಟಳು. ಖಾಲಿ ಗಾಜಿನ ಬಾಟಲಿಗಳಲ್ಲಿ ನೀರು ತುಂಬಿ ಮನಿ ಪ್ಲಾಂಟ್ ಇಟ್ಟು ನೆಲದ ಉದ್ದಕ್ಕೂ ಸಾಲು ನಿಲ್ಲಿಸಿದಳು.

ಬಲ್ಬಿಗೆ ಮಾತ್ರ ಏನು ಹಾಕುವುದೆಂದು ಹೊಳೆದಿರಲಿಲ್ಲ. ಮೀನು ಬಂದರಿನ ಕಡೆಗೆ ಹೋದಾಗ ಬುಟ್ಟಿ ಹೆಣೆಯುವವರು ಕಂಡರು. ತೂತುತೂತಾಗಿ ಹೆಣೆದ ಅಗಲ ಬುಟ್ಟಿಯೊಂದನ್ನು ತಂದು ಬೋರಲು ಹಾಕಿ ಬಲ್ಬಿನ ಸುತ್ತ ಕಟ್ಟಿದಳು. ಸ್ವಿಚ್ ಹಾಕಿದ ಕೂಡಲೆ ಚಾವಣಿಯ ತುಂಬ ಬೆಳಕಿನ ಜಾಲ ಹರಡಿತು.

ಭೀಮಸೇನ ಕುರ್ಚಿಯ ಮೇಲೆ ಹತ್ತಿ ಬುಟ್ಟಿಗೆ ಮೂಗು ಹಚ್ಚಿದ. "ಮೀನು ಹಾಕೂ ಬುಟ್ಟಿ ಹೌದಲ್ಲ ಇದು?"

"ಹೊಸಾದ್ರೀ! ಒಂದು ಮೀನೂ ಇದನ್ನ ನೋಡಿಲ್ಲ."

"ನಮ್ಮ ಅವ್ವ ಬಂದ್ರ ಮಾತ್ರ ಇದು ಹೂವಿನ ಬುಟ್ಟಿ," ಎಂದು ಅವನು ಇಳಿದ. ಆಮೇಲೆ ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಸುತ್ತ ನೋಡಿದ. "ಮೃಣಾಲ, ಖರೇ ಹೇಳ್ತೀನಿ. ಇಷ್ಟು ವರ್ಷದಾಗ ಇವತ್ತ ಮನ್ಯಾಗ ಕೂತಂಗ ಅನಸ್ತು."

ಅವಳಿಗೆ ಕಣ್ಣು ತುಂಬಿತು. ಅಷ್ಟರಲ್ಲಿ ಅವನ ಕಣ್ಣು ಒಳಗಿನ ಸಣ್ಣ ಕೋಣೆಯ ಬಾಗಿಲ ಮೇಲೆ ಹೋಯಿತು. ಅದು ಮುಚ್ಚಿತ್ತು. ಒಳಗೆ ಖಾಲಿ ಸೂಟ್‌ಕೇಸು, ಇಸ್ತ್ರಿ ಮೇಜು, ಬಟ್ಟೆಯ ಗುಡ್ಡೆ.

"ಆ ಖೋಲಿ ಒಂದು ಉಳೀತಲ್ಲ?"

"ಅದು ಸಾಮಾನಿನ ಖೋಲಿ."

"ಅವರು ಕೇಳ್ತಾರ. ಮಗು ಎಲ್ಲೆ ಮಲಗ್ತದ ಅಂತ ಮೊದಲು ಅದನ್ನ ಕೇಳ್ತಾರ."

"ಕೇಳಿದ್ರ ನಮ್ಮ ಹಂತೇಕ ಮಲಗ್ತದ ಅನ್ರಿ."

"ಒಂದು ಸಣ್ಣ ಮಂಚಾನರ..."

"ಬ್ಯಾಡ ಅಂದ್ನೆಲ್ಲಾ!" ಅವಳ ದನಿ ಒಡೆಯಿತು. "ಒಮ್ಮೆ ತಂದಿಟ್ಟು ನೋಡಿದ್ದು ಸಾಲಲಿಲ್ಲೇನು ನಿಮಗ? ಬರೂತನಾ ಒಂದು ಗಿಲಕಿನೂ ಈ ಮನಿಯೊಳಗ ಬರಬಾರದು. ಬಂದ ಮ್ಯಾಲೆ ಎಲ್ಲಾ ತರೋಣು."

ಭೀಮಸೇನ ಎದ್ದು ಕುರ್ಚಿಯನ್ನು ಮೊದಲಿನ ಜಾಗಕ್ಕೆ ಎಳೆದಿಟ್ಟ. ಬ್ಯಾಂಕಿನಲ್ಲಿ ಎಂಥೆಂಥ ಜಗಳಗಂಟರನ್ನು ಸಂಭಾಳಿಸುವವನಿಗೆ ಹೆಂಡತಿಯ ಈ ಒಂದು ಹೆದರಿಕೆಯ ಮುಂದೆ ಉಪಾಯ ತೋಚುತ್ತಿರಲಿಲ್ಲ.

ಶನಿವಾರ ಬಂದವರ ಹೆಸರು ರಾಜ್ಯಶ್ರೀ. ಮೂವತ್ತರ ಆಸುಪಾಸಿನ ವಯಸ್ಸು, ಹತ್ತಿಯ ಸೀರೆ, ಹೆಗಲಿಗೆ ಚೀಲ. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಳಗೆ ಗಂಡ ಹೆಂಡತಿ ಪಿಸುಗುಟ್ಟಿದ್ದು ಅವರ ಕಿವಿಗೆ ಬಿದ್ದಿತ್ತು.

"ಕನ್ನಡದವರಾ ಅಂಡಿ?" ಎಂದು ಅರಳಿದ ಮುಖದಿಂದ ಕೇಳಿದರು. "ನಮ್ದು ಮಡಕಶಿರಾ ಕಡೆ. ಮನೇಲೆಲ್ಲ ಕನ್ನಡಾನೇ. ಇಲ್ಲಿಗೆ ಬಂದ್ಮೇಲೆ ಅಮ್ಮನ ಹತ್ರ ಫೋನಲ್ಲಿ ಮಾತಾಡೋಕೆ ಮಾತ್ರ ಉಳ್ಕೊಂಡಿದೆ."

ಮೃಣಾಲಿನಿಯ ಅರ್ಧ ಭಯ ಅಲ್ಲೇ ಇಳಿಯಿತು. ಕಾಫಿ ಬಂತು, ಅವಲಕ್ಕಿ ಬಂತು. ರಾಜ್ಯಶ್ರೀ ಕೌದಿಯ ಮೇಲೆ ಅಂಗೈ ಆಡಿಸಿ ನೋಡಿದರು. ಬುಟ್ಟಿಯ ದೀಪ ನೋಡಿ ತಮ್ಮ ಫೋನಿನಲ್ಲಿ ಫೋಟೋ ತೆಗೆದುಕೊಂಡರು. ಇಷ್ಟನ್ನೆಲ್ಲ ಮನೆಯಲ್ಲೇ ಮಾಡಿದ್ದೆಂದು ಕೇಳಿ, ನನಗೂ ಸ್ವಲ್ಪ ಹೇಳಿಕೊಡಿ ಮೇಡಂ ಎಂದರು. ಭೀಮಸೇನ ಹೆಂಡತಿಯ ಕಡೆಗೆ ಹುಬ್ಬು ಹಾರಿಸಿದ. ನೌಕರಿ, ಆರೋಗ್ಯ, ಊರ ಕಡೆಯವರ ಒಪ್ಪಿಗೆ, ವರ್ಗವಾದರೆ ಮಗುವಿನ ಶಾಲೆಯ ಗತಿಯೇನು ಎಂಬ ಪ್ರಶ್ನೆಗಳೆಲ್ಲ ಸರಾಗವಾಗಿ ದಾಟಿದವು.

"ಮನೆ ಒಂದು ಸುತ್ತು ನೋಡ್ಲಾ?" ಎಂದು ರಾಜ್ಯಶ್ರೀ ಎದ್ದರು.

ಅಡುಗೆಮನೆ ನೋಡಿದರು, ಮಲಗುವ ಕೋಣೆ ನೋಡಿದರು. ಆಮೇಲೆ ಮುಚ್ಚಿದ ಬಾಗಿಲ ಮುಂದೆ ನಿಂತರು. ಮೃಣಾಲಿನಿ ಅದು ಸಾಮಾನಿನದು ಎನ್ನುವಷ್ಟರಲ್ಲಿ ತೆರೆದೇಬಿಟ್ಟರು. ಹೊರಗಿನ ಅಷ್ಟು ಚಂದದ ಮುಂದೆ ಆ ಬೋಳು ಕೋಣೆ ಇನ್ನೂ ಬೋಳಾಗಿ ಕಂಡಿತು.

"ಮಗು ಎಲ್ಲಿ ಮಲಗುತ್ತೆ?"

"ನಮ್ಮ ಹಂತೇಕನ ರೀ," ಎಂದ ಭೀಮಸೇನ, ಹೇಳಿಕೊಟ್ಟ ಪಾಠ ಒಪ್ಪಿಸುವವನ ಹಾಗೆ.

"ಅದರ ಬಟ್ಟೆ, ಪುಸ್ತಕ? ಆಡೋಕೆ?"

ಭೀಮಸೇನ ಹೆಂಡತಿಯ ಮುಖ ನೋಡಿದ. ರಾಜ್ಯಶ್ರೀ ಹಜಾರಕ್ಕೆ ಮರಳಿ ಕೂತರು. ಈ ಸಲ ಕೌದಿಯನ್ನು ಮುಟ್ಟಲಿಲ್ಲ. ಚೀಲದಿಂದ ತೆಗೆದ ಕಾಗದಗಳನ್ನು ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ತೆಗೆಯದ ಪೆನ್ನನ್ನು ಬೆರಳುಗಳ ನಡುವೆ ತಿರುಗಿಸಿದರು.

"ಬೇಜಾರು ಮಾಡ್ಕೋಬೇಡಿ ಅಂಡಿ, ನೇರವಾಗಿ ಕೇಳ್ತೀನಿ. ನಾನು ಬಹಳ ಮನೆ ನೋಡಿದೀನಿ. ಒಂದೊಂದು ಮನೇಲಿ ಕೂರೋಕೆ ಕುರ್ಚಿ ಇರಲ್ಲ, ಆದ್ರೆ ಮೂಲೇಲಿ ಒಂದು ಪುಟ್ಟ ಚಪ್ಪಲಿ ಕಾಯ್ತಾ ಇರುತ್ತೆ. ಇಲ್ಲಿ ಪ್ರತಿಯೊಂದು ಗೋಡೆಗೂ ಇಷ್ಟು ಆಸ್ಥೆ ವಹಿಸಿದೀರಾ. ಮಗುಗೆ ಅಂತ ಒಂದು ದಾರದ ಎಳೆ ಕೂಡ ಇಲ್ಲ. ಕೆಲವು ಸಲ ಒಬ್ಬರಿಗೆ ಮಗು ಬೇಕಿರುತ್ತೆ, ಇನ್ನೊಬ್ಬರು ಸುಮ್ಮನೆ ಹೂಂ ಅಂದಿರ್ತಾರೆ." ಅವರು ಮೃಣಾಲಿನಿಯನ್ನೇ ನೋಡಿದರು. "ನಿಮಗೆ ನಿಜವಾಗಿ ಮಗು ಬೇಕಾ ಮೇಡಂ?"

ತನ್ನನ್ನು, ತನ್ನನ್ನೇ ಈ ಪ್ರಶ್ನೆ ಕೇಳುತ್ತಿದ್ದಾರೆ! ಮೃಣಾಲಿನಿ ಗಂಡನ ಕಡೆ ನೋಡಿದಳು. ಅವನ ಮುಖ ಬಿಳಿಚಿತ್ತು. ಎಲ್ಲ ಕೈಬಿಟ್ಟು ಹೋಗುತ್ತಿದೆ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು. ಬಾಯಿ ತೆರೆದರೆ ಅಳು, ತೆರೆಯದಿದ್ದರೆ ಮಗು ಇಲ್ಲ.

"ಬೇಕ್ರೀ," ಎಂದಳು. ಆಮೇಲೆ ತಡೆಯದೆ ಎಲ್ಲ ಬಂತು. ಒನ್ ಟೌನಿನ ತೊಟ್ಟಿಲು, ಏಳನೇ ತಿಂಗಳು, ಆಸ್ಪತ್ರೆ, ಮರಳಿ ಬಂದಾಗ ಹಜಾರದಲ್ಲಿ ಕಂಡದ್ದು. ಭೀಮಸೇನ ಅವಳ ಪಕ್ಕಕ್ಕೆ ಬಂದು ನಿಂತ. "ಅವತ್ತಿಂದ ಅಂಗಡ್ಯಾಗ ಸಣ್ಣ ಅಂಗಿ ಕಂಡ್ರ ಮಾರಿ ಹೊಳ್ಳಿಸ್ತೀನ್ರಿ. ಈ ಖೋಲ್ಯಾಗ ಏನೇನ್ ಇಡಬೇಕು ಅಂತ ಎಲ್ಲಾ ತಲ್ಯಾಗ ಅದ. ಮಂಚಾ ಎಲ್ಲೆ, ಕಿಡಕಿಗೆ ಯಾವ ಬಣ್ಣ, ಎಲ್ಲಾ. ಕೈ ಹಚ್ಚಾಕ ಧೈರ್ಯ ಇಲ್ಲ. ಈ ಕೂಸಿಗೂ ಏನರ ಆದ್ರ? ಮೊದಲ ತರಬಾರದು ಅಂತ ಹೇಳ್ಯಾರ. ನಾ ಕೇಳಲಿಲ್ಲ ಆವಾಗ. ಈಗ ಕೇಳಾಕ್ಹತ್ತೀನಿ."

ರಾಜ್ಯಶ್ರೀ ಕಾಗದಗಳನ್ನು ಪಕ್ಕಕ್ಕಿಟ್ಟರು. "ಏನಂತ ಹೇಳಿದಾರೆ? ಪೂರ್ತಿ ಹೇಳಿ."

"ಹುಟ್ಟೂಕಿಂತ ಮೊದಲ ತೊಟ್ಲಾ, ಅಂಗಿ, ಆಟಿಗಿ ಸಾಮಾನು ಏನೂ ಮನಿಗೆ ತರಬಾರದು ಅಂತ. ಹುಟ್ಟಿದ ಮ್ಯಾಲೇ..."

ಮೃಣಾಲಿನಿ ಮಾತಿನ ನಡುವೆಯೇ ತಡೆದಳು. ಬಾಯಿ ಹಾಗೇ ತೆರೆದಿತ್ತು. ಗಂಡನ ಕಡೆ ತಿರುಗಿದಳು, ಮತ್ತೆ ರಾಜ್ಯಶ್ರೀಯ ಕಡೆ ನೋಡಿದಳು.

"ನಾವು ಕೇಳಿದ್ದು ನಾಕು ವರ್ಷದ್ದಲ್ಲೇನ್ರೀ?" ಎಂದು ಭೀಮಸೇನನ ತೋಳು ಹಿಡಿದಳು. "ಅಂದ್ರ ಅದು... ಹುಟ್ಟ್ಯದ!"

ಹೊರಗೆ ಯಾವುದೋ ಗಾಡಿ ಹಾರ್ನು ಹೊಡೆದುಕೊಂಡು ಹೋಯಿತು.

"ಹುಟ್ಟಿ ನಾಕು ವರ್ಷ ಆಗ್ಯದ. ಎಲ್ಲೋ ಓಡಾಡ್ಲಿಕ್ಕೆ ಹತ್ಯದ. ಮಾತಾಡ್ತದ. ಹಲ್ಲು ಬಂದಾವ!" ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವುದು ಕಷ್ಟವಾಗಿತ್ತು. "ನಾ ಇಲ್ಲೆ ಕೂತು ಅದಿನ್ನೂ ಹುಟ್ಟಬೇಕು ಅಂತ ಹೆದರಿಕೊಂಡು ಬಾಗಲಾ ಹಾಕ್ಕೊಂಡೇನಲ್ರೀ!"

ಭೀಮಸೇನ ಜೋರಾಗಿ ನಕ್ಕುಬಿಟ್ಟ. ನಗುತ್ತ ನಗುತ್ತ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಸಿದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಲೆಕ್ಕದಲ್ಲಿ ಪಳಗಿದ ತನಗಾದರೂ ಇದು ಹೊಳೆಯಬಾರದಿತ್ತೇ ಎಂದು ಅವನಿಗೆ ನಾಚಿಕೆಯೂ ಆಗಿರಬೇಕು. ರಾಜ್ಯಶ್ರೀಯೂ ನಗುತ್ತಿದ್ದರು, ಆದರೆ ಅವರ ಕಣ್ಣೂ ಒಣಗಿರಲಿಲ್ಲ.

"ನಮ್ಮಮ್ಮನೂ ಇದನ್ನೇ ಹೇಳೋದು ಅಂಡಿ," ಎಂದರು. "ನಮ್ಮಕ್ಕನ ಮಗು ಹುಟ್ಟೋವರ್ಗೂ ಒಂದು ಟೋಪಿ ಹೆಣೆಯೋಕೆ ಬಿಡ್ಲಿಲ್ಲ. ನೀವು ಇದನ್ನ ಮೊದಲೇ ಹೇಳಿದ್ರೆ ನನಗೆ ಅರ್ಥ ಆಗ್ತಿತ್ತು."

"ನನಗ ಈಗ ಅರ್ಥ ಆತ್ರಿ," ಎಂದಳು ಮೃಣಾಲಿನಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ನೀವೇನು ಬರೀತೀರಿ?"

"ಈ ಮನೆಗೆ ಮಗು ಕಳಿಸಬಹುದು ಅಂತ ಬರೀತೀನಿ. ಆ ಕೋಣೆ ಸರಿಮಾಡಿ ಫೋಟೋ ಕಳಿಸಿ, ಅದನ್ನೂ ಸೇರಿಸ್ತೀನಿ." ರಾಜ್ಯ‌ಶ್ರೀ ಈಗ ಮತ್ತೊಮ್ಮೆ ಸುತ್ತ ನೋಡಿದರು. ಈ ನೋಟ ಬೇರೆಯಾಗಿತ್ತು, ಮನೆಯ ಹಿರಿಯಳೊಬ್ಬಳು ಹುಳುಕು ಹುಡುಕುವಂಥ ನೋಟ. "ಆದ್ರೆ ಈ ಗಾಜಿನ ಬಾಟಲಿಗಳು? ನೆಲದ ಮೇಲೆ? ನಾಲ್ಕು ವರ್ಷದ್ದು ಬಂದ ದಿನಾನೇ ಎತ್ತಿ ಹಾಕುತ್ತೆ. ಆ ಮೊರಗಳನ್ನ ಹಿಡಿದು ಜೋತಾಡುತ್ತೆ. ಬಿಳೀ ಪರದೆಗೆ ಕೈ ಒರೆಸುತ್ತೆ. ಚಂದ ಚಂದ ಅಂತ ಹೀಗೆಲ್ಲ ಇಟ್ಕೊಂಡ್ರೆ ಆಗಲ್ಲ ಮೇಡಂ."

ತಾನು ದಿನಗಟ್ಟಲೆ ಕಷ್ಟಪಟ್ಟು ಮಾಡಿದ ಸಿಂಗಾರಕ್ಕೆ ಇಷ್ಟೊಂದು ತಪ್ಪು ಹೇಳಿಸಿಕೊಂಡು ಯಾರಾದರೂ ಇಷ್ಟು ಖುಷಿಪಟ್ಟದ್ದುಂಟೇ? ಮೃಣಾಲಿನಿ ಪ್ರತಿ ಮಾತಿಗೂ ಹೂಂ ಎನ್ನುತ್ತ, ಅವರು ಇನ್ನೂ ನಾಲ್ಕು ತಪ್ಪು ತೋರಿಸಲಿ ಎಂಬಂತೆ ಹಿಂದೆ ಹಿಂದೆಯೇ ತಿರುಗಿದಳು. ಎದೆಯ ಮೇಲೆ ವರ್ಷಗಳಿಂದ ಕೂತಿದ್ದ ಭಾರ ಇಳಿದು ಉಸಿರು ಹೊಟ್ಟೆಯ ತನಕ ಹೋಗುತ್ತಿತ್ತು. ತಾನು ಇಷ್ಟು ದಿನ ಅರ್ಧ ಉಸಿರಿನಲ್ಲೇ ಬದುಕಿದ್ದೆ ಎಂದು ಅವಳಿಗೆ ಆಗ ತಿಳಿಯಿತು.

ಅವರು ಹೋದ ಮೇಲೆ ಊಟವನ್ನೂ ಮರೆತು ಇಬ್ಬರೂ ಸಣ್ಣ ಕೋಣೆಗೆ ನುಗ್ಗಿದರು. ಸೂಟ್‌ಕೇಸುಗಳು ಅಟ್ಟ ಸೇರಿದವು, ಇಸ್ತ್ರಿ ಮೇಜು ಅಡುಗೆಮನೆಯ ಮೂಲೆಗೆ ಹೋಯಿತು. ಕಿಟಕಿ ತೆರೆದರೆ ಕೋಣೆಯ ತುಂಬ ಬಿಸಿಲು. ಇಷ್ಟು ಬೆಳಕಿನ ಕೋಣೆಯನ್ನು ಬಟ್ಟೆ ಗುಡ್ಡೆ ಹಾಕಲು ಬಿಟ್ಟಿದ್ದೆವಲ್ಲ ಎಂದು ಭೀಮಸೇನ ತಲೆ ಚಚ್ಚಿಕೊಂಡ. ಕೌದಿಗೆ ಬಳಸಿ ಉಳಿದ ತುಂಡುಗಳನ್ನು ಮೃಣಾಲಿನಿ ನೆಲದ ಮೇಲೆ ಹರಡಿ ಬಣ್ಣ ಬಣ್ಣಕ್ಕೆ ಜೊತೆ ಮಾಡತೊಡಗಿದಳು.

"ಕನ್ನಡಿ ಎಲ್ಲೆ ಹಚ್ಚೋಣ?" ಎಂದು ಕೇಳಿದ ಭೀಮಸೇನ ತನ್ನ ಮುಖದ ಎತ್ತರಕ್ಕೆ ಗೋಡೆಯ ಮೇಲೆ ಕೈ ಇಟ್ಟು.

"ಅಷ್ಟು ಮ್ಯಾಲೆ ಅದಕ್ಕ ಕಾಣ್ತದೇನ್ರೀ?"

ಬ್ಯಾಂಕಿನ ಅಧಿಕಾರಿ ಮೊಣಕಾಲೂರಿ ಕೂತ. ಆ ಎತ್ತರದಿಂದ ಗೋಡೆ ನೋಡಿದ, ಕಿಟಕಿ ನೋಡಿದ, ಹೆಂಡತಿಯನ್ನು ನೋಡಿದ. "ಇಲ್ಲಿಂದ ನೀ ಭಾಳ ದೊಡ್ಡಾಕಿ ಕಾಣ್ತಿ," ಎಂದ. ಇಬ್ಬರೂ ಮತ್ತೆ ನಕ್ಕರು.

ನಗು ಇಳಿಯುವ ಮೊದಲೇ ಮೃಣಾಲಿನಿ ಫೋನು ಎತ್ತಿಕೊಂಡಳು. ಇದನ್ನು ಮೊದಲು ಹೇಳಬೇಕಾದವರು ಒಬ್ಬರಿದ್ದರು.

"ಪಿನ್ನಿ," ಎಂದಳು ಆ ಕಡೆ ಹಲೋ ಕೇಳಿಸಿದ ಕೂಡಲೆ, "ಮಗು ಹುಟ್ಟ್ಯದ್ರಿ."

ಅನ್ನಪೂರ್ಣಮ್ಮನವರಿಗೆ ದಿಕ್ಕು ತೋಚಲಿಲ್ಲ. "ಏಮಿಟಮ್ಮಾ ಅದು? ಯಾವಾಗ?"

"ನಾಕು ವರ್ಷಾತ್ರಿ. ನಮಗ ಇವತ್ತ ಗೊತ್ತಾತು."

ಮೃಣಾಲಿನಿ ನಡೆದದ್ದನ್ನೆಲ್ಲ ಹೇಳಿದಳು. ಎಲ್ಲ ಕೇಳಿದ ಮೇಲೆ ಮುದುಕಿ ಮೆಲ್ಲಗೆ ಕೇಳಿದರು. "ಹಂಗಾದ್ರೆ ತಲ್ಲೀ... ನನ್ನ ಆ ಮಾತು ಇದಕ್ಕ ತಗಲಲ್ಲ ಕದಾ?"

"ತಗಲೂದಿಲ್ರಿ ಪಿನ್ನಿ. ಆವಾಗೂ ತಗಲಿರಲಿಲ್ಲ. ಡಾಕ್ಟರು ಹೇಳಿದ್ದ ಖರೇ. ನಿಮ್ಮ ಮಾತಿಂದನೂ ಅಲ್ಲ, ನಾ ತಂದ ತೊಟ್ಲದಿಂದನೂ ಅಲ್ಲ."

ಇಷ್ಟು ವರ್ಷ ಬಾಯಿಗೆ ಬಾರದ ಮಾತು ಈಗ ತಡೆಯಿಲ್ಲದೆ ಬಂದದ್ದು ಅವಳಿಗೇ ಆಶ್ಚರ್ಯವಾಯಿತು. ಆ ಕಡೆ ಅನ್ನಪೂರ್ಣಮ್ಮನವರು ಮೂಗು ಸೀಟುವುದು ಕೇಳಿಸಿತು. ಅಷ್ಟಾದ ಮೇಲೆ ಅವರು ಎಂದಿನ ಗಟ್ಟಿ ದನಿಗೆ ಮರಳಿದರು.

"ಗಂಡೋ ಹೆಣ್ಣೋ?"

"ಗೊತ್ತಿಲ್ರಿ. ಯಾವುದಾದ್ರೂ ಸರಿ ಅಂತ ಹೇಳೇವಿ."

"ನಾಕು ವರ್ಷದ್ದಕ್ಕ ಎಷ್ಟು ಅಳತೆ ಬೇಕಾಗ್ತದ? ಒಂದು ಗೌನು, ಒಂದು ಚಡ್ಡಿ ಅಂಗಿ, ಎರಡೂ ತಗೊಂಡು ಬರ್ತೀನಿ. ಮುಂದಿನ ವಾರ ಬರ್ಲಾ? ಈಗಲೇ ತರಬಹುದಾ ಅಮ್ಮಾ?"

"ತರ್ರಿ ಪಿನ್ನಿ," ಎಂದಳು ಮೃಣಾಲಿನಿ. "ಈಗ ತರಬಹುದು."